ಏಳು ಮನೆಗಳ ಲೈನು

ಚಿತ್ರ ಅಲ್ಲಿಗೆ ಬಂದು ಮತ್ತೆ ನಿಂತಿತು.

ಸಲಾವುದ್ದೀನ ಸುಭದ್ರಾಬಾಯಿಯ ಮನೆಯ ಟಿವಿಯ ಮುಂದೆ ಮಂಡಿಯೂರಿ ಕೂತಿದ್ದ. ಬೆರಳು ಟ್ಯೂನಿಂಗ್ ತಿರುಪಿನ ಮೇಲಿತ್ತು, ತಿರುಗಿಸುವ ಧೈರ್ಯವಿರಲಿಲ್ಲ. ಕೂದಲೆಳೆಯಷ್ಟು ಆಚೀಚೆಯಾದರೂ ಆ ನೆರಳು ಕೈತಪ್ಪುತ್ತಿತ್ತು. ಅದು ಯಾವ ಚಾನೆಲ್ಲೂ ಇಲ್ಲದ ಜಾಗ. ಬರೀ ಚುಕ್ಕಿ ಕುಣಿಯಬೇಕಾದಲ್ಲಿ ಬೂದಿಬಣ್ಣದ ಒಂದು ಮದುವೆ ನಡೆದಿತ್ತು. ಅಡುಗೆ ಚಪ್ಪರದ ಹಿಂದೆ ಇಬ್ಬರು ಗಂಡಸರು ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಏನನ್ನೋ ಹೊತ್ತುಕೊಂಡು ದನದ ಕೊಟ್ಟಿಗೆಯ ಕಡೆ ಹೋಗುತ್ತಿದ್ದರು. ಹಿಂದಿನವನು ತಿರುಗಿ ನೋಡಿದ. ಅವನ ಮುಖ ಕಾಣುವ ಮೊದಲೇ ಚಿತ್ರ ಅದುರುತ್ತ ನಿಂತಿತು, ಆಮೇಲೆ ಹಿಂದಕ್ಕೆ ಓಡಿತು. ಇಬ್ಬರೂ ಹೊರೆಯ ಸಮೇತ ಹಿಮ್ಮುಖವಾಗಿ ನಡೆದು ಚಪ್ಪರದ ಹಿಂದೆ ಮರೆಯಾಗಿ, ಮತ್ತೆ ಹೊತ್ತುಕೊಂಡು ಬಂದರು.

ಎಲ್ಲೋ ಕೂತು ಯಾರೋ ಅದೊಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದರು.

"ಇದು ಅತನೂರದ ಮದುವಿ," ಎಂದಳು ಹಿಂದೆ ನಿಂತಿದ್ದ ಸುಭದ್ರಾಬಾಯಿ. "ಮದುಮಗಳು ನಮ್ಮ ಸೋದರಮಾವನ ಮೊಮ್ಮಗಳು. ನಮ್ಮನಿಯವರು ಕಡೀಗೆ ತೆಗೆದದ್ದು ಇದೇ."

ಆ ಮದುವೆಯನ್ನು ವಿಡಿಯೋ ಮಾಡಲು ಹೋದ ಅವಳ ಗಂಡ ಗುರಣ್ಣ ಹದಿನೈದು ದಿನವಾದರೂ ಮನೆಗೆ ಮರಳಿರಲಿಲ್ಲ. ಐದನೆಯ ದಿನ ಸೊನ್ನದ ಹತ್ತಿರ ಭೀಮಾ ನದಿಯಲ್ಲಿ ಗುರುತು ಹತ್ತದಷ್ಟು ಊದಿದ ಹೆಣವೊಂದು ಸಿಕ್ಕಿತ್ತು. ಕೈಗಡಿಯಾರ ನೋಡಿ ಅದು ಗುರಣ್ಣನೇ ಎಂದು ಮಣ್ಣು ಮಾಡಿದ್ದರು. ಅವನ ಕ್ಯಾಮರಾ ಸಿಕ್ಕಿರಲಿಲ್ಲ. ಮದುವೆಯ ಕ್ಯಾಸೆಟ್ಟೂ ಸಿಕ್ಕಿರಲಿಲ್ಲ.

ಈಗ ಆ ಕ್ಯಾಸೆಟ್ಟು ಓಡುತ್ತಿತ್ತು.

ಅಫಜಲಪುರದಲ್ಲಿ ಮೊದಲು ಡಿಶ್ ಕೂಡಿಸಿ ಮುನ್ನೂರು ಮನೆಗೆ ಕೇಬಲ್ ಎಳೆದವನು ಸಲಾವುದ್ದೀನ. ಕ್ಯಾಸೆಟ್ಟು ಓಡಿಸುವ ವಿ.ಸಿ.ಆರ್. ತಂದವರೂ ಅದನ್ನು ಜೋಡಿಸಲು ಅವನನ್ನೇ ಕರೆಯುತ್ತಿದ್ದರು. ಆ ಕೆಲಸಕ್ಕೆ ಒಂದು ಕ್ರಮವಿದೆ. ಕಂಬದಿಂದ ಬಂದ ವೈರು ಮೊದಲು ವಿ.ಸಿ.ಆರ್. ಒಳಗೆ ಹೋಗಬೇಕು, ಅಲ್ಲಿಂದ ಹೊರಟ ವೈರು ಟಿವಿಗೆ ಸೇರಬೇಕು. ಆಗ ಕ್ಯಾಸೆಟ್ಟಿನ ಚಿತ್ರ ಮನೆಯೊಳಗೇ ಉಳಿಯುತ್ತದೆ. ಹಾಗೆ ಮಾಡದೆ ಕಂಬದ್ದು, ವಿ.ಸಿ.ಆರ್.ದು, ಟಿವಿಯದು ಮೂರೂ ವೈರುಗಳ ತಾಮ್ರದ ಎಳೆ ಕೂಡಿಸಿ ಹೊಸೆದು ಟೇಪು ಸುತ್ತಿದರೆ, ಚಿತ್ರ ಟಿವಿಗೂ ಬರುತ್ತದೆ, ಬಂದ ದಾರಿಯಲ್ಲೇ ಕಂಬಕ್ಕೂ ಏರುತ್ತದೆ. ಪಕ್ಕದ ಮನೆಗಳ ಟಿವಿಯಲ್ಲಿ ಖಾಲಿ ಜಾಗ ಹುಡುಕಿದರೆ ಅದು ಮಸುಕಾಗಿ ಕಾಣುತ್ತದೆ. ನೋಡುವವನಿಗೆ ಮಾತ್ರ ತನ್ನ ಗುಟ್ಟು ಹೊರಗೆ ಹರಿದದ್ದು ಗೊತ್ತಾಗುವುದಿಲ್ಲ.

ಹೀಗೆ ಹರಿದದ್ದು ಬಹಳ ದೂರವೂ ಹೋಗಲಾರದು. ಓಣಿಯ ತುದಿಯಲ್ಲಿ ಸಲಾವುದ್ದೀನ ಕೂಡಿಸಿದ ಆಂಪ್ಲಿಫೈಯರ್ ಡಬ್ಬಿಯಿದೆ. ಅದು ಡಿಶ್ಶಿನ ಕಡೆಯಿಂದ ಬಂದದ್ದನ್ನು ಮುಂದಕ್ಕೆ ಬಿಡುತ್ತದೆಯೇ ಹೊರತು ಹಿಂದಕ್ಕೆ ಏನನ್ನೂ ಬಿಡದು. ಆ ಡಬ್ಬಿಯಿಂದ ಈಚೆಗೆ ಇರುವುದು ಏಳೇ ಮನೆ.

ಅಂದರೆ ಕ್ಯಾಸೆಟ್ಟು ಇಟ್ಟುಕೊಂಡವನು ಇದೇ ಓಣಿಯವನು. ದಿನಾ ಎದುರಾಗುವವನು. ಗುರಣ್ಣನ ಮಣ್ಣಿಗೆ ಬಂದವನು.

ಸಲಾವುದ್ದೀನ ಎದ್ದು ಹೋಗಿ ಕಿಟಕಿಯ ಪರದೆ ಎಳೆದ. ಗುರಣ್ಣ ನದಿಗೆ ಬಿದ್ದು ಸತ್ತನೆಂಬುದನ್ನು ಠಾಣೆಯಲ್ಲಿ ನಂಬದಿದ್ದವನು ಹವಾಲ್ದಾರ ಜಗದೇವಪ್ಪ ಒಬ್ಬನೇ. ಅತನೂರಿಗೆ ಹೋದವನ ಸ್ಕೂಟರು ಸೊನ್ನದ ದಂಡೆಗೆ ಯಾಕೆ ಬಂತು ಎಂದು ಕೇಳಿ ಸಾಹೇಬರಿಂದ ಬೈಸಿಕೊಂಡಿದ್ದ. ಆದರೆ ಅವನು ಇವತ್ತು ಗುಲಬರ್ಗಾದ ಕೋರ್ಟಿಗೆ ಹೋಗಿದ್ದ, ಐದರ ಬಸ್ಸಿಗೆ ಬರುವವನು. ಅವನು ಬರಲಿ ಎಂದ ಸಲಾವುದ್ದೀನ.

ಸುಭದ್ರಾಬಾಯಿ ಒಪ್ಪಲಿಲ್ಲ. ಮೂರು ದಿನದಿಂದ ತಾನು ನೋಡುತ್ತಿದ್ದೇನೆ, ಇದು ಬರುವುದು ಮೂರರಿಂದ ನಾಲ್ಕರೊಳಗೆ ಮಾತ್ರ, ನಾಳೆ ಬರುತ್ತದೋ ಇಲ್ಲವೋ ಯಾರು ಕಂಡವರು ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

ಇಬ್ಬರೂ ಒಂದು ಗುರುತು ಮಾಡಿಕೊಂಡರು. ಅವಳು ಟಿವಿಯ ಮುಂದೆ ಇರಬೇಕು. ಹೊರಗೆ ಕಟ್ಟೆಯ ಮೇಲಿನ ಹಗ್ಗಕ್ಕೆ ಒಂದು ಕೆಂಪು ಟವೆಲ್ಲು ಹಾಕಿರಬೇಕು. ಆ ಚಿತ್ರ ಹೋದ ತಕ್ಷಣ ಟವೆಲ್ಲು ತೆಗೆಯಬೇಕು.

ಓಣಿಯಲ್ಲಿ ಮೂರೂವರೆಯ ಬಿಸಿಲು ಬಿದ್ದಿತ್ತು. ಸಲಾವುದ್ದೀನ ಏಣಿಯನ್ನು ಕಂಬಕ್ಕೆ ಆನಿಸಿ ಹತ್ತಿದ. ವರ್ಷಗಟ್ಟಲೆ ಹತ್ತಿದ ಕಂಬ. ಇವತ್ತು ಮಾತ್ರ ಪ್ರತಿ ಮೆಟ್ಟಿಲಿಗೂ ಬೆನ್ನ ಮೇಲೆ ಯಾರದೋ ಕಣ್ಣು ಬಿದ್ದಂತಾಗುತ್ತಿತ್ತು. ಮೊದಲು ಅವನು ಡಬ್ಬಿಗೆ ಬರುವ ಮುಖ್ಯ ಲೈನನ್ನೇ ಬಿಚ್ಚಿದ. ಡಿಶ್ಶಿನಿಂದ ಬರುವುದೆಲ್ಲ ನಿಂತಿತು.

ಒಂದು ನಿಮಿಷ ಕಳೆಯುವುದರೊಳಗೆ ಬಾಗಿಲುಗಳು ತೆರೆದವು. ಹೀರಾಬಾಯಿ ಮುದುಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು, ಸಿನಿಮಾ ನಡುವೆ ಕಡಿದದ್ದಕ್ಕೆ ಅವನ ಏಳು ತಲೆಮಾರಿಗೂ ಮಂಗಳಾರತಿ ಮಾಡಿದಳು. ಇನ್ನು ಮೂರು ಮನೆಯವರು ಕಂಬದ ಕಡೆ ಮುಖ ಮಾಡಿ ಕೂಗಿದರು. ಎಲ್ಲರಿಗೂ ಲೈನು ಕೆಟ್ಟಿದೆ, ಹತ್ತು ನಿಮಿಷ ತಡೀರಿ ಎಂದ. ಒಂದು ಮನೆಗೆ ಬೀಗ. ಅವರು ಹಬ್ಬಕ್ಕೆಂದು ಆಳಂದಕ್ಕೆ ಹೋದವರು ಇನ್ನೂ ಬಂದಿರಲಿಲ್ಲ.

ಬಾಗಿಲು ತೆರೆಯದ ಮನೆ ಒಂದೇ ಒಂದು. ಲೈನು ಹೋದದ್ದು ಆ ಮನೆಗೆ ಗೊತ್ತೇ ಆಗಿರಲಿಲ್ಲ. ಕ್ಯಾಸೆಟ್ಟು ನೋಡುವವರಿಗೆ ಡಿಶ್ಶಿದ್ದರೇನು, ಬಿಟ್ಟರೇನು.

ಅದು ಸುಭದ್ರಾಬಾಯಿಯ ಎದುರು ಮನೆ. ತೊಗರಿ ವ್ಯಾಪಾರಿ ಶಾಂತಲಿಂಗಪ್ಪ ಸಾಹುಕಾರರದು.

ಇರಲಾರದು ಎಂದುಕೊಂಡ ಸಲಾವುದ್ದೀನ. ಗುರಣ್ಣನನ್ನು ಸೊನ್ನದ ದಂಡೆಯಲ್ಲಿ ಕಂಡೆನೆಂದು ಪೊಲೀಸರಿಗೆ ಹೇಳಿದವರು ಸಾಹುಕಾರರು. ಹೆಣದ ಕೈಗಡಿಯಾರ ಮೊದಲು ಗುರುತಿಸಿದವರೂ ಅವರೇ. ಹೆಣ ನೋಡಲಾರದೆ ಕುಸಿದ ಸುಭದ್ರಾಬಾಯಿಯನ್ನು ಮಗಳಂತೆ ಸಂತೈಸಿ, ಮುಂದೆ ನಿಂತು ಮಣ್ಣು ಮಾಡಿಸಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು.

ಅವನು ಆ ಮನೆಗೆ ಹೋಗುವ ವೈರನ್ನು ಡಬ್ಬಿಯಿಂದ ಬಿಚ್ಚಿದ. ಕಟ್ಟೆಯ ಕಡೆ ನೋಡಿದ.

ಟವೆಲ್ಲು ಇರಲಿಲ್ಲ.

ಮತ್ತೆ ಜೋಡಿಸಿದ. ಸಣ್ಣ ತಿರುಪು ಎರಡು ಸಲ ಜಾರಿತು. ಸ್ವಲ್ಪ ಹೊತ್ತಿಗೆ ಟವೆಲ್ಲು ಹಗ್ಗಕ್ಕೆ ಬಂತು. ಆಗಲೇ ಅವನು ಇನ್ನೊಂದನ್ನು ಗಮನಿಸಿದ್ದು. ದಸರೆಯಲ್ಲಿ ತಾನೇ ಈ ಮನೆಗೆ ಕನೆಕ್ಷನ್ ಕೊಟ್ಟಾಗ ವೈರನ್ನು ಕೆಳಗಿನ ಪಡಸಾಲೆಗೆ ಇಳಿಸಿದ್ದ. ಈಗ ಅದು ಮಾಳಿಗೆಯ ಕಿಟಕಿಯೊಳಗೆ ಹೋಗಿತ್ತು. ಕಿಟಕಿ ಒಂದು ಗೇಣಿನಷ್ಟು ತೆರೆದಿತ್ತು.

ಲೈನನ್ನು ಸರಿಮಾಡಿ ಏಣಿ ಇಳಿದ. ಸೀದಾ ಮನೆಗೆ ಹೋಗಿಬಿಡಬಹುದಿತ್ತು. ಆದರೆ ನಾಲ್ಕು ಮನೆಯವರನ್ನು ಮಾತಾಡಿಸಿ ಈ ಒಂದು ಮನೆಯನ್ನು ಬಿಟ್ಟು ಹೋದರೆ, ಅದೂ ಒಂದು ಸುಳಿವಾಗುತ್ತದೆ ಅನ್ನಿಸಿತು. ಸಾಹುಕಾರರ ಬಾಗಿಲು ತಟ್ಟಿದ.

ಅವರು ಬಾಗಿಲನ್ನು ಅರ್ಧ ತೆರೆದು ಹೊಸ್ತಿಲ ಮೇಲೆ ನಿಂತರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬಿಳಿ ಧೋತರ, ಕೈಯಲ್ಲಿ ಎಲೆ ಅಡಿಕೆಯ ಡಬ್ಬಿ. ಒಳಗೆ ಕರೆಯಲಿಲ್ಲ. ಲೈನು ಕೆಟ್ಟಿತ್ತು, ಎಲ್ಲರ ಮನೆಯದೂ ನೋಡುತ್ತಿದ್ದೇನೆ ಎಂದ ಸಲಾವುದ್ದೀನ.

"ನಮ್ಮನಿಯಾಗ ಟಿವಿ ನೋಡಾಂವ ಯಾರದಾರ, ತಮ್ಮಾ? ಬಂದರೂ ಅಷ್ಟ, ಹೋದರೂ ಅಷ್ಟ."

"ವೈರು ಮ್ಯಾಲಿನ ಖೋಲಿಗೆ ಹೋಗ್ಯಾದಲ್ರಿ, ಸಾವಕಾರ್ರ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೆ ಆಡಬಾರದಿತ್ತು ಅನ್ನಿಸಿತು. ಸಾಹುಕಾರರು ಡಬ್ಬಿ ತೆರೆದು ಎಲೆಯೊಂದನ್ನು ತೆಗೆದು ಧೋತರಕ್ಕೆ ಒರೆಸಿದರು. ಅವಸರವೇ ಇರಲಿಲ್ಲ.

"ಗಾಳಿಗೆ ಜೋತು ಬಿದ್ದಿತ್ತು, ಎತ್ತಿ ಮ್ಯಾಲ ಕಟ್ಟಿಸೇನಿ. ಖೋಲಿಯಾಗ ತೊಗರಿ ಚೀಲ ಅವ, ಹುಳಕ್ಕ ಔಷಧ ಇಟ್ಟೇನಿ. ಬಾಗಿಲಾ ತೆಗೆದರ ಉಸಿರು ಕಟ್ಟತದ. ವಾರದ ತನಕ ಯಾರೂ ಹೋಗೂಹಂಗಿಲ್ಲ."

ಅಷ್ಟರಲ್ಲಿ ಮೇಲೆ ಹಲಗೆ ಕಿರುಗುಟ್ಟಿತು. ಒಂದು ಹೆಜ್ಜೆ. ಮತ್ತೊಂದು.

ಸಲಾವುದ್ದೀನ ಕಣ್ಣೆತ್ತಲಿಲ್ಲ. ಎತ್ತಿದರೆ ತನ್ನ ಕತೆ ಮುಗಿಯಿತೆಂದು ಅವನ ಮೈಯೇ ಅವನಿಗೆ ಹೇಳುತ್ತಿತ್ತು. ಸಾಹುಕಾರರೂ ಎತ್ತಲಿಲ್ಲ. ಅವರ ಕಣ್ಣು ಇವನ ಮುಖದ ಮೇಲೇ ಇತ್ತು.

"ಇಲಿ ಭಾಳ ಆಗ್ಯಾವ," ಎಂದರು.

"ಹೌದ್ರಿ," ಎಂದ ಸಲಾವುದ್ದೀನ. ಉಸಿರು ಕಟ್ಟುವ ಖೋಲಿಯಲ್ಲಿ ಇಲಿ ಬದುಕುವುದು ಹೇಗೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

"ಎದುರು ಮನಿ ಟಿವಿಯಾಗ ಏನು ಬರಾಕತ್ತದ?"

ಆ ಮನೆಯ ಹೆಸರನ್ನೇ ಅವನು ಎತ್ತಿರಲಿಲ್ಲ. "ಏನೂ ಇಲ್ರಿ. ಬರೇ ಚುಕ್ಕಿ."

"ಚುಕ್ಕಿ ನೋಡಾಕ ಅರ್ಧ ತಾಸು ಒಳಗ ಕುಂತಿದ್ದೇನು?"

ಸಾಹುಕಾರರು ನಕ್ಕರು. ಹತ್ತಿರ ಬಂದು ಹೆಗಲ ಮೇಲೆ ಕೈಹಾಕಿ, ಸುಣ್ಣ ಹಚ್ಚಿ ಮಡಿಚಿದ ಎಲೆಯನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾವೇ ಮುಚ್ಚಿದರು. ಆಮೇಲೆ ಕಿವಿಗೆ ಬಾಯಿ ತಂದರು. ಎಲೆಯ ಘಾಟು ಅವನ ಕೆನ್ನೆಗೆ ತಾಕಿತು.

"ನಿನ್ನ ಹೆಣ್ತಿ ಮುಮತಾಜ ದಿನಾ ನಾಕಕ್ಕ ಹೊಲದ ಬಾವಿಗೆ ನೀರಿಗೆ ಹೋಗ್ತಾಳಲ್ಲ. ಆ ಬಾವಿಗೆ ಕಟ್ಟಿ ಇಲ್ಲ, ತಮ್ಮಾ. ಹುಷಾರಿ ಹೇಳು."

ಬೆನ್ನು ತಟ್ಟಿ ಒಳಗೆ ಹೋದರು. ಅಗಳಿ ಬಿತ್ತು.

ಸಲಾವುದ್ದೀನ ಓಣಿಯ ನಡುವೆ ನಿಂತ. ಕಾಲುಗಳು ಮನೆಯ ಕಡೆ, ಮುಮತಾಜಳ ಕಡೆ ಎಳೆಯುತ್ತಿದ್ದವು. ಗಡಿಯಾರ ನೋಡಿದ, ನಾಲ್ಕಕ್ಕೆ ಹತ್ತು ನಿಮಿಷ. ಓಡಿದರೆ ಅವಳು ಕೊಡ ಎತ್ತುವ ಮೊದಲೇ ಮುಟ್ಟಬಹುದು. ಆದರೆ ಎದುರಿಗೆ ಸುಭದ್ರಾಬಾಯಿ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಳು. ಬಾಯಿ ತೆರೆಯದೆ, ಬರೀ ಕೈಯಿಂದ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದೇ ನಿಮಿಷ ಎಂದುಕೊಂಡು ಅವನು ಒಳಗೆ ಹೋದ.

ಅವಳು ಬಾಗಿಲಿಗೆ ಅಗಳಿ ಹಾಕಿ ಅದಕ್ಕೇ ಬೆನ್ನು ಕೊಟ್ಟು ಕೂತಳು. ಆಮೇಲೆ ಒಂದೊಂದಾಗಿ ಹೇಳಿದಳು.

ಅವನು ಸಾಹುಕಾರರ ಬಾಗಿಲು ತಟ್ಟಿದ ಮೇಲೆ ಮದುವೆಯ ಚಿತ್ರ ನಿಂತಿತಂತೆ. ತೆರೆ ಕಪ್ಪಾಯಿತು. ಆಮೇಲೆ ಅದರಲ್ಲಿ ಈ ಓಣಿಯೇ ಬಂತು, ಮೇಲಿನಿಂದ ನೋಡಿದ ಹಾಗೆ. ಹಗ್ಗದ ಮೇಲಿನ ಟವೆಲ್ಲು ಕಂಡಿತು. ಸಲಾವುದ್ದೀನನ ನೆತ್ತಿ ಕಂಡಿತು. ಕ್ಯಾಸೆಟ್ಟಲ್ಲ, ಆಗ ನಡೆಯುತ್ತಿದ್ದದ್ದೇ. ಮಾಳಿಗೆಯ ಕಿಟಕಿಯಲ್ಲಿ ಯಾರೋ ಕ್ಯಾಮರಾ ಹಿಡಿದು ನಿಂತಿದ್ದರು.

ಸಲಾವುದ್ದೀನನಿಗೆ ಅರ್ಥವಾಯಿತು. ಕ್ಯಾಸೆಟ್ಟು ನಿಂತಾಗ ವಿ.ಸಿ.ಆರ್.ಗೆ ಕ್ಯಾಮರಾ ಜೋಡಿಸಿದ್ದರೆ, ಕ್ಯಾಮರಾ ಕಂಡದ್ದೆಲ್ಲ ಅದೇ ವೈರಿನಲ್ಲಿ ಹರಿಯುತ್ತದೆ.

"ಆಮ್ಯಾಲ ಕ್ಯಾಮರಾ ಖೋಲಿ ಒಳಗ ತಿರುಗಿತು, ಭಾಯಿ. ಚೀಲ ಕಂಡವು. ಕಪಾಟದ ಕನ್ನಡಿ ಕಂಡಿತು. ಕನ್ನಡಿಯಾಗ ಅವರು."

"ಯಾರು, ವೈನಿ?"

"ನಮ್ಮನಿಯವರು. ಗಡ್ಡ ಬಂದದ. ಕಾಲಿಗೆ ಸರಪಳಿ ಅದ. ಬದುಕ್ಯಾರ."

ಆ ವೈರನ್ನು ಹಾಗೆ ಹೊಸೆದವನು ಕೆಲಸ ತಿಳಿಯದವನಲ್ಲ ಎಂಬುದು ಈಗ ಸಲಾವುದ್ದೀನನಿಗೆ ಹೊಳೆಯಿತು. ವಿ.ಸಿ.ಆರ್. ಜೋಡಿಸುವುದನ್ನು ಗುರಣ್ಣ ಅವನ ಜೊತೆಯಲ್ಲೇ ಕಲಿತಿದ್ದ. ಕ್ಯಾಸೆಟ್ಟಿನಲ್ಲಿ ಏನೇನು ಬಿದ್ದಿದೆಯೆಂದು ನೋಡಬೇಕಾದ ಸಾಹುಕಾರರು ಆ ಕೆಲಸವನ್ನು ಸೆರೆಯಲ್ಲಿದ್ದವನ ಕೈಯಿಂದಲೇ ಮಾಡಿಸಿದ್ದರು. ಅವನು ಬೇಕೆಂದೇ ತಪ್ಪು ಮಾಡಿದ್ದ. ಹೊರಗೆ ಕೂಗಲಾರದವನು ಹೆಂಡತಿಯ ಟಿವಿಗೆ ಕೂಗಿದ್ದ.

"ಹಂಗಾದ್ರ ನಾವು ಮಣ್ಣು ಮಾಡಿದ್ದು ಯಾರನ್ನ?" ಎಂದಳು ಸುಭದ್ರಾಬಾಯಿ.

ಅವನ ಕಣ್ಣ ಮುಂದೆ ಗೋಣಿತಟ್ಟಿನಲ್ಲಿ ಸುತ್ತಿದ ಆ ಉದ್ದನೆಯ ಹೊರೆ ಬಂದು ನಿಂತಿತು. ಅವಳು ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು.

"ಸಾವಕಾರ ನಿಮ್ಮ ಕಿವಿಯಾಗ ಏನು ಹೇಳಿದ? ಟಿವಿಯಾಗ ಕಂಡಿತು. ಹೆಗಲ ಮ್ಯಾಲ ಕೈ ಹಾಕಿದ್ದ. ಕೈಯಾಗ ಏನೋ ಇಟ್ಟ."

ಹೇಳಬೇಕಿತ್ತು. ಬಾವಿ, ಮುಮತಾಜ, ಎಲ್ಲವನ್ನೂ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಆ ಮಾತು ನಿಜವಾಗಿಬಿಡುತ್ತದೇನೋ ಎಂದು ಹೆದರಿದ.

"ಲೈನಿನ ಮಾತು, ವೈನಿ. ಬ್ಯಾರೆ ಏನಿಲ್ಲ."

ಅವಳು ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಟಿವಿಯ ಚುಕ್ಕಿಗಳು ಸರಿದು ಚಿತ್ರ ಬಂತು.

ಓಣಿ. ಬಿಸಿಲು. ಎದುರಿಗೆ ಸುಭದ್ರಾಬಾಯಿಯ ಮನೆಯ ಮುಚ್ಚಿದ ಬಾಗಿಲು, ಕಟ್ಟೆಯ ಕೆಳಗೆ ಸಲಾವುದ್ದೀನನ ಚಪ್ಪಲಿ. ಮೂಲೆಯಲ್ಲಿ ಬಿಳಿ ಅಂಕಿಗಳು: ಇವತ್ತಿನ ತಾರೀಖು, ಮೂರು ಗಂಟೆ ಐವತ್ತಾರು ನಿಮಿಷ. ಅವನ ಕೈಗಡಿಯಾರದಲ್ಲೂ ಅಷ್ಟೇ ಆಗಿತ್ತು.

ಚಿತ್ರದ ಕೆಳ ಅಂಚಿನಿಂದ ಒಬ್ಬ ಮನುಷ್ಯ ಓಣಿಗೆ ಇಳಿದ. ಬಿಳಿ ಧೋತರ. ಸಾವಕಾಶವಾಗಿ ನಡೆದು ಓಣಿ ದಾಟಿದ. ಕಟ್ಟೆಯ ಹತ್ತಿರ ಬಗ್ಗಿ ಚಪ್ಪಲಿಗಳನ್ನು ನೋಡಿದ. ಮೆಟ್ಟಿಲು ಹತ್ತಿದ. ಇಬ್ಬರೂ ನೋಡುತ್ತಿದ್ದಂತೆ ಚಿತ್ರದಲ್ಲಿ ಆ ಮನುಷ್ಯ ಕೈ ಎತ್ತಿದ, ಇತ್ತ ಬಾಗಿಲು ತಟ್ಟಿದ ಸದ್ದಾಯಿತು.

"ಸುಭದ್ರವ್ವಾ, ಬಾಗಿಲಾ ತೆಗೀಬೇ," ಎಂದಿತು ಹೊರಗಿನ ದನಿ. ಬಹಳ ಮೆತ್ತಗೆ.

ಸಲಾವುದ್ದೀನ ಬೇಡವೆಂದು ತಲೆಯಲ್ಲಾಡಿಸಿದ. ಹಿತ್ತಲಿನಿಂದ ಹೋಗಿಬಿಡೋಣ ಎಂದು ಪಿಸುಗುಟ್ಟಿದ. ಅವಳಿಗೆ ಕೇಳಿಸಿದಂತೆಯೇ ಕಾಣಲಿಲ್ಲ. ಹತ್ತು ದಿನ ಗಂಡನ ಮಣ್ಣಿನ ಮುಂದೆ ಕೂತು ಅತ್ತಿದ್ದಳು. ಅವಳನ್ನು ಅಲ್ಲಿಗೆ ಕೈಹಿಡಿದು ಕರೆದೊಯ್ದಿದ್ದವನು ಈಗ ಬಾಗಿಲ ಆಚೆ ನಿಂತಿದ್ದ. ಅವಳು ಎದ್ದಳು. ಒಲೆಯ ಪಕ್ಕದಿಂದ ಕುಡಗೋಲು ತೆಗೆದು ಸೆರಗಿನಡಿ ಹಿಡಿದಳು. ಬಾಗಿಲಿಗೆ ಮುಖ, ಟಿವಿಗೆ ಬೆನ್ನು. ಅಗಳಿಯ ಮೇಲೆ ಕೈಯಿಟ್ಟಳು.

ಟಿವಿಯಲ್ಲಿ ಬಾಗಿಲು ಮರೆಯಾಯಿತು. ಕ್ಯಾಮರಾದ ಮುಂದೆ ಯಾರೋ ಒಂದು ಕಾಗದ ಹಿಡಿದಿದ್ದರು. ಮೊದಲು ಮಸುಕಾಗಿತ್ತು, ಮೆಲ್ಲಗೆ ತಿಳಿಯಾಯಿತು. ಕ್ಯಾಸೆಟ್ಟುಗಳ ಮೇಲೆ ಮದುಮಕ್ಕಳ ಹೆಸರು ಬರೆಯುತ್ತಿದ್ದ ಆ ದುಂಡನೆಯ ಅಕ್ಷರಗಳನ್ನು ಸಲಾವುದ್ದೀನ ಎಷ್ಟೋ ಸಲ ನೋಡಿದ್ದ.

'ಸುಭದ್ರಾ, ಸಲಾವುದ್ದೀನನ್ನ ನಂಬಬ್ಯಾಡ. ಅವನೂ ಇವರವನೇ.'

ಮೇಲಿನಿಂದ ನೋಡಿದವನಿಗೆ ಹೆಗಲ ಮೇಲಿನ ಕೈ ಕಂಡಿತ್ತು, ನಗು ಕಂಡಿತ್ತು, ಅಂಗೈಯಲ್ಲಿಟ್ಟದ್ದು ಕಂಡಿತ್ತು. ಕಿವಿಯಲ್ಲಿ ಹೇಳಿದ್ದು ಕೇಳಿಸಿರಲಿಲ್ಲ.

ಸಲಾವುದ್ದೀನ ಯೋಚಿಸಲಿಲ್ಲ. ಯೋಚಿಸಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವನ ಕೈ ಮುಂದೆ ಹೋಗಿ ಟಿವಿಯ ಗುಂಡಿ ಒತ್ತಿತು. ಟಪ್ ಎಂಬ ಆ ಸಣ್ಣ ಸದ್ದು ಇಡೀ ಮನೆಗೆ ಕೇಳಿಸಿತು.

ಸುಭದ್ರಾಬಾಯಿಯ ಕೈ ಅಗಳಿಯ ಮೇಲೆಯೇ ನಿಂತಿತು. ಅವಳು ತಿರುಗಿದಳು. ಕಪ್ಪಾದ ತೆರೆಯನ್ನು ನೋಡಿದಳು, ಗುಂಡಿಯ ಮೇಲಿನ್ನೂ ಇದ್ದ ಅವನ ಬೆರಳನ್ನು ನೋಡಿದಳು. ಸೆರಗಿನಡಿಯಿಂದ ಕುಡಗೋಲು ಹೊರಗೆ ಬಂತು. ಅದರ ಮೊನೆ ಈಗ ಬಾಗಿಲ ಕಡೆ ಇರಲಿಲ್ಲ.

"ಏನು ಬಂದಿತ್ತು ಅದರಾಗ, ಭಾಯಿ?" ಎಂದಳು. "ಯಾಕ ಬಂದ್ ಮಾಡಿದ್ರಿ?"